ಸಾಲ ಮೊದಲಾ, ನಿವೃತ್ತಿ ಮೊದಲಾ?

ಪ್ರಶ್ನೆ: ನಮಸ್ತೆ ಮೇಡಂ. ನನಗೆ 46 ವರ್ಷ, 60ಕ್ಕೆ ನಿವೃತ್ತಿ. ಮೂರು ಸಾಲ ಇದೆ. ಕ್ರೆಡಿಟ್ ಕಾರ್ಡ್ ಬಾಕಿಗೆ ತಿಂಗಳಿಗೆ ಶೇ. 3 ಬಡ್ಡಿ, ಪರ್ಸನಲ್ ಲೋನಿಗೆ ವರ್ಷಕ್ಕೆ ಶೇ. 14, ಮನೆ ಸಾಲಕ್ಕೆ ಶೇ. 9. ಖರ್ಚು ಬಿಗಿ ಮಾಡಿದ ಮೇಲೆ ಕೈಯಲ್ಲಿ ಸ್ವಲ್ಪ ಉಳಿಯುತ್ತಿದೆ. ಅದನ್ನು ಪೂರ್ತಿ ಸಾಲಕ್ಕೇ ಹಾಕಲಾ, ನಿವೃತ್ತಿಗೆ ಕೂಡಿಡಲಾ? ಇನ್ನೊಂದು, ಈ ಬಿಗಿಯಿಂದ ಮನೆಯಲ್ಲಿ ದಿನಾ ಮುನಿಸು. ಹೀಗೆ ಎಷ್ಟು ದಿನ ಎಳೆಯೋದು?

ಉತ್ತರ: ನಮಸ್ತೆ ಸರ್. ಮೊದಲು ಕಾರ್ಡ್. ಇದರಲ್ಲಿ ಯೋಚನೆ ಮಾಡೋದೇ ಬೇಡ. ತಿಂಗಳಿಗೆ ಶೇ. 3 ಅಂದರೆ ಕಡಿಮೆ ಅನಿಸುತ್ತದೆ. ಆದರೆ ಬಡ್ಡಿಗೆ ಬಡ್ಡಿ ಸೇರಿ ವರ್ಷಕ್ಕೆ ಶೇ. 42 ದಾಟುತ್ತದೆ. ಏನೂ ಕಟ್ಟದೆ ಬಿಟ್ಟರೆ 24 ತಿಂಗಳಲ್ಲಿ ಬಾಕಿ ಎರಡರಷ್ಟು. ನಂಬಿ ದುಡ್ಡು ಹಾಕಬಹುದಾದ ಯಾವ ಉಳಿತಾಯವೂ ಇಷ್ಟು ಕೊಡೋದಿಲ್ಲ. ಬಾಕಿ ತೀರುವವರೆಗೆ ಆ ಕಾರ್ಡನ್ನು ಮುಟ್ಟಲೇಬೇಡಿ. ಹಳೆ ಬಾಕಿ ಉಳಿದಿದ್ದರೆ ಹೊಸ ಖರೀದಿಗೂ ಸಾಮಾನ್ಯವಾಗಿ ಮೊದಲ ದಿನದಿಂದಲೇ ಬಡ್ಡಿ ಬೀಳುತ್ತದೆ.

ಆದರೆ ಒಂದು ತಿಂಗಳ ಮನೆ ಖರ್ಚಿನಷ್ಟು ದುಡ್ಡು ಪಕ್ಕಕ್ಕೆ ಇಟ್ಟುಕೊಂಡೇ ಇದಕ್ಕೆ ಕೈ ಹಾಕಿ. ಇಲ್ಲದಿದ್ದರೆ ಆಸ್ಪತ್ರೆ ಖರ್ಚು ಬಂದ ದಿನ ಮತ್ತೆ ಅದೇ ಕಾರ್ಡ್ ಉಜ್ಜಬೇಕಾಗುತ್ತದೆ.

ಕಾರ್ಡ್ ಆದ ಮೇಲೆ ಪರ್ಸನಲ್ ಲೋನ್. ಅದು ಮುಗಿದ ತಿಂಗಳೇ, ಅದರ ಕಂತಿನಷ್ಟು ದುಡ್ಡನ್ನು ನಿವೃತ್ತಿ ಖಾತೆಗೆ ತಿರುಗಿಸಿ. ಮನೆ ಸಾಲ ಮುಗಿಯಲಿ, ಆಮೇಲೆ ನೋಡೋಣ ಅಂತ ಕಾಯಬೇಡಿ. ನಿಮಗಿರೋದು 14 ವರ್ಷ. ನೀವು ದುಡ್ಡು ಹಾಕಿದಷ್ಟೂ ಕಂಪನಿಯೂ ತನ್ನ ಪಾಲು ಸೇರಿಸುವ ಯೋಜನೆ ಇದ್ದರೆ ಅದನ್ನು ಮಾತ್ರ ಇವತ್ತೂ ನಿಲ್ಲಿಸಬೇಡಿ.

ಇನ್ನು ಬಿಗಿ ಖರ್ಚಿನ ವಿಷಯ. ಜಾಸ್ತಿ ಜನ ಇದನ್ನು ಸಾಲ ತೀರುವವರೆಗಿನ ಉಪವಾಸ ಅಂದುಕೊಳ್ಳುತ್ತಾರೆ. ಖಾಯಂ ಆಗಿ ಕಡಿಮೆ ಮಾಡಿದ ಖರ್ಚು ಎರಡು ಕಡೆ ಕೆಲಸ ಮಾಡುತ್ತದೆ. ಈಗ ಸಾಲಕ್ಕೆ ದುಡ್ಡು ಸಿಗುತ್ತದೆ, ಮುಂದೆ ನಿವೃತ್ತಿಗೆ ಬೇಕಾದ ಮೊತ್ತವೇ ಇಳಿಯುತ್ತದೆ. 1994ರಲ್ಲಿ ಹಣಕಾಸು ಸಲಹೆಗಾರ ವಿಲಿಯಂ ಬೆಂಗೆನ್ ಅಮೆರಿಕದ ಷೇರು, ಬಾಂಡ್‌ಗಳ ಹಳೆಯ ಅಂಕಿ ಅಂಶ ನೋಡಿ ಒಂದು ಲೆಕ್ಕ ಹೇಳಿದರು. ನಿವೃತ್ತಿಯ ಮೊದಲ ವರ್ಷ ಕೂಡಿಟ್ಟ ಗಂಟಿನಲ್ಲಿ ಶೇ. 4ರಷ್ಟು ಖರ್ಚಿಗೆ ತೆಗೆದು, ಆಮೇಲೆ ಬೆಲೆ ಏರಿದಂತೆ ಅದನ್ನೂ ಏರಿಸುತ್ತಾ ಹೋದರೂ ಗಂಟು 30 ವರ್ಷ ಬಂದಿತ್ತು. ಅಂದರೆ ವರ್ಷದ ಖರ್ಚಿನ 25 ಪಟ್ಟು ಗಂಟು ಬೇಕು. ಎಲ್ಲ ಕಡೆಗೂ ಇದು ಹಾಗೇ ಹೊಂದುತ್ತದೆ ಅಂತಲ್ಲ, ಅಂದಾಜಿಗೆ ಸಾಕು. ತಿಂಗಳಿಗೆ 1,000 ಖಾಯಂ ಉಳಿಸಿದರೆ ವರ್ಷಕ್ಕೆ 12,000. ಅದರ 25 ಪಟ್ಟು 3 ಲಕ್ಷ. ಅಷ್ಟು ದುಡ್ಡನ್ನು ನೀವು ಕೂಡಿಡಬೇಕಾದ ಅಗತ್ಯವೇ ಇಲ್ಲ! ಇದು ಇವತ್ತಿನ ಬೆಲೆಯಲ್ಲಿ. ಬೆಲೆಗಳು ವರ್ಷಕ್ಕೆ ಶೇ. 6 ಏರಿದರೆ 12 ವರ್ಷದಲ್ಲಿ ಎಲ್ಲವೂ ದುಪ್ಪಟ್ಟು.

ಮುನಿಸು ಬರೋದು ದಿನಾ ‘ಬೇಡ’ ಅನ್ನಿಸಿಕೊಳ್ಳೋದರಿಂದ. ಒಂದು ಸಲ ಕೂತು ನಿರ್ಧಾರ ಮಾಡಿದರೆ ಮುಗಿಯುವ ಖರ್ಚುಗಳನ್ನು ಮೊದಲು ಹುಡುಕಿ. ಮೂರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ಪ್ರಿಂಟ್ ತೆಗೆದು ಇಬ್ಬರೂ ಒಟ್ಟಿಗೆ ನೋಡಿ. ತಾನಾಗಿ ಕಟ್ ಆಗುವ ಸಾಲುಗಳಿಗೆ ಮಾತ್ರ ಪೆನ್ನಿನಲ್ಲಿ ಗೆರೆ ಎಳೆಯಿರಿ. ಯಾರೂ ನೋಡದ ಚಾನೆಲ್, ಹೋಗದ ಜಿಮ್, ಎರಡೆರಡು ಇಂಟರ್ನೆಟ್ ಪ್ಲಾನ್, ಓಡಿಸದೆ ನಿಂತ ಎರಡನೇ ಗಾಡಿಯ ವಿಮೆ. ಇಲ್ಲಿ ಕತ್ತರಿಸಿದ್ದು ಯಾರಿಗೂ ನೋಯೋದಿಲ್ಲ. ಆಮೇಲೆ ಇಬ್ಬರಿಗೂ ಸ್ವಲ್ಪ ಕೈಖರ್ಚು ಬಿಡಿ, ಅದಕ್ಕೆ ಲೆಕ್ಕ ಕೇಳಬೇಡಿ. ಇದು ತುಂಬಾ ಮುಖ್ಯ ಸರ್. ಉಸಿರುಗಟ್ಟಿಸುವ ಬಜೆಟ್ ನಾಲ್ಕು ತಿಂಗಳೂ ಬಾಳೋದಿಲ್ಲ.

ಇನ್ನೊಬ್ಬ ಸದಸ್ಯರು: ಚಿಕ್ಕ ಸಾಲ ಮೊದಲು ಮುಗಿಸಿ ಅಂತಾರಲ್ವಾ ಮೇಡಂ?

ಉತ್ತರ: ಬಡ್ಡಿ ದರ ಹತ್ತಿರ ಹತ್ತಿರ ಇದ್ದರೆ ಹಾಗೇ ಮಾಡಿ. ಒಂದು ಕಂತು ಪೂರ್ತಿ ನಿಂತರೆ ಮನಸ್ಸಿಗೂ ಧೈರ್ಯ. ಕಾರ್ಡ್ ಬಾಕಿ ಇದ್ದಾಗ ಮಾತ್ರ ಬೇಡ.

ಮೊದಲು ಕೇಳಿದವರು: ಮನೆ ಸಾಲಕ್ಕೆ ಜಾಸ್ತಿ ಕಟ್ಟಿದರೆ ಲಾಭ ಇಲ್ಲವಾ ಹಾಗಾದರೆ?

ಉತ್ತರ: ಇದೆ ಸರ್, ಅದರಲ್ಲೂ ಸಾಲದ ಶುರುವಿನ ವರ್ಷಗಳಲ್ಲಿ. 10 ಲಕ್ಷ, ಶೇ. 9, 20 ವರ್ಷ ಅಂದರೆ ಕಂತು ಸುಮಾರು 8,997. ಮೊದಲ ಕಂತಿನಲ್ಲಿ 7,500 ಬಡ್ಡಿಗೇ ಹೋಗುತ್ತದೆ, ಅಸಲಿಗೆ 1,497 ಮಾತ್ರ. ವರ್ಷಕ್ಕೆ ಒಂದು ಕಂತಿನಷ್ಟು ಹೆಚ್ಚಿಗೆ ಕಟ್ಟಿದರೂ ಸಾಲ ಸುಮಾರು ಮೂರೂವರೆ ವರ್ಷ ಮೊದಲೇ ಮುಗಿಯುತ್ತದೆ. ಅವಧಿಗೆ ಮುಂಚೆ ಕಟ್ಟಿದರೆ ದಂಡ ಇದೆಯಾ ಕೇಳಿಕೊಳ್ಳಿ. ಕಂತು ಇಳಿಸಬೇಡಿ, ಅವಧಿ ಇಳಿಸಿ ಅಂತ ಬರೆದು ಕೊಡಿ.

ಮತ್ತೊಬ್ಬರು: ನನಗೆ 58. ಮನೆ ಸಾಲ ಇನ್ನೂ 5 ವರ್ಷ ಇದೆ, 60ಕ್ಕೆ ನಿವೃತ್ತಿ. ಕೂಡಿಟ್ಟಿದ್ದನ್ನೆಲ್ಲ ತೆಗೆದು ಸಾಲ ಮುಗಿಸಿಬಿಡಲಾ?

ಉತ್ತರ: ಎಲ್ಲವನ್ನೂ ತೆಗೆಯಬೇಡಿ. ಸಾಲ ತೀರಿದ ಮನೆ ಇದ್ದರೂ ಔಷಧಿಗೆ ಕೈಯಲ್ಲಿ ನಗದು ಬೇಕು. ನಿಮ್ಮ ವಿಷಯದಲ್ಲಿ ಮೇಲೆ ಹೇಳಿದ್ದಕ್ಕೆ ಉಲ್ಟಾ ಆಗಬಹುದು. ಸ್ವಲ್ಪ ಭಾಗ ಕಟ್ಟಿ ಕಂತು ಇಳಿಸಿಕೊಳ್ಳೋದೇ ಸರಿ ಇರಬಹುದು. ಆದಾಯ ಇಳಿದ ಮೇಲೂ ಆ ಕಂತು ಕಟ್ಟಬೇಕಲ್ಲ. ಈ ತಿಂಗಳಿಂದಲೇ ನಿವೃತ್ತಿಯ ನಂತರ ಬರುವಷ್ಟೇ ದುಡ್ಡಿನಲ್ಲಿ ಮನೆ ನಡೆಸಿ ನೋಡಿ, ಮಿಕ್ಕಿದ್ದನ್ನು ಸಾಲಕ್ಕೆ ಹಾಕಿ. ಮೂರು ತಿಂಗಳಾದ ಮೇಲೆ ಎಲ್ಲಿ ದುಡ್ಡು ಸಾಕಾಗಲಿಲ್ಲ ಅಂತ ಇಲ್ಲೇ ಬರೆಯಿರಿ. ಎಷ್ಟು ಭಾಗ ಕಟ್ಟಬಹುದು ಅಂತ ಆಗ ಹೇಳುತ್ತೇನೆ.