ಗಿಟಾರ್ ಹಿಡಿದರೆ ಮಣಿಕಟ್ಟು ನೋಯುತ್ತದೆ, ಎಫ್ ಕಾರ್ಡ್ ಬರುತ್ತಿಲ್ಲ: ಅನುಭವ ಇದ್ದವರು ತಿಳಿಸಿ

ನಾಪೋಕ್ಲಿನಿಂದ ಕೇಳಿದವರು:
ತೋಟದ ಕೆಲಸ ಮುಗಿಸಿ ಸಂಜೆ ಹೊತ್ತು ಗಿಟಾರ್ ಕಲಿಯುತ್ತಿದ್ದೇನೆ. ಹತ್ತಿರದಲ್ಲಿ ಕಲಿಸುವವರು ಯಾರೂ ಇಲ್ಲ. ಸ್ಟೀಲ್ ತಂತಿಯ ಅಕೌಸ್ಟಿಕ್ ಗಿಟಾರ್. ಸಿ, ಜಿ, ಡಿ ಕಾರ್ಡ್‌ಗಳು (ಹಲವು ತಂತಿ ಒಟ್ಟಿಗೆ ನುಡಿಸುವ ಸ್ವರಗುಚ್ಛಗಳು) ಹೇಗೋ ಬರುತ್ತವೆ. ಎಫ್ ಹಿಡಿದರೆ ಅರ್ಧ ತಂತಿಗಳು ನುಡಿಯುವುದೇ ಇಲ್ಲ. ಸ್ವಲ್ಪ ಹೊತ್ತಿಗೇ ಹೆಬ್ಬೆರಳಿನ ಬುಡ ಮತ್ತು ಮಣಿಕಟ್ಟು ನೋಯುತ್ತವೆ. ಕತ್ತಿ ಹಿಡಿದು ಕೈ ಒರಟಾಗಿರುವುದು ಕಾರಣವೇ?

ಮಡಿಕೇರಿಯಿಂದ, ಮಕ್ಕಳಿಗೆ ಗಿಟಾರ್ ಕಲಿಸುವವರು:
ಒರಟು ಕೈ ಕಾರಣವೇ ಅಲ್ಲ. ನಿಮ್ಮ ಕೈಯಲ್ಲಿ ಬಲ ಬೇಕಾದಷ್ಟಿದೆ, ಅದನ್ನೆಲ್ಲ ನೀವು ಗಿಟಾರಿನ ಮೇಲೆ ಹಾಕುತ್ತಿದ್ದೀರಿ. ಒಂದು ಪರೀಕ್ಷೆ ಮಾಡಿ. ಮೂರನೆಯ ತಂತಿಯ (ಅತಿ ತೆಳುವಾದದ್ದು ಒಂದನೆಯದು) ಆರನೆಯ ಫ್ರೆಟ್‌ನಲ್ಲಿ, ಅಂದರೆ ಲೋಹದ ಪಟ್ಟಿಗಳಿಂದ ಭಾಗವಾದ ಆರನೆಯ ಮನೆಯಲ್ಲಿ, ನಡುಬೆರಳನ್ನು ಸುಮ್ಮನೆ ತಾಗಿಸಿ, ಬಲಗೈಯಿಂದ ಮೀಟುತ್ತಲೇ ಇರಿ. ಮೊದಲು ಟಕ್ ಎನ್ನುತ್ತದೆ. ನಿಧಾನಕ್ಕೆ ಒತ್ತಡ ಕೂಡಿಸಿ, ಝರ್ ಎನ್ನುತ್ತದೆ. ಇನ್ನೊಂದು ಚೂರು ಒತ್ತಿದಾಗ ಸ್ವರ ಶುದ್ಧವಾಗಿ ಬರುತ್ತದೆ. ಅಲ್ಲಿಗೆ ನಿಲ್ಲಿಸಿ. ಅಷ್ಟೇ ಒತ್ತಡ ಸಾಕು. ಇದನ್ನು ದಿನವೂ ಮಾಡಿಸಿದರೆ ನನ್ನ ವಿದ್ಯಾರ್ಥಿಗಳ ಭುಜ ತಾನಾಗಿ ಇಳಿಯುತ್ತದೆ.

ಬೆರಳು ಎಲ್ಲಿ ಕೂರುತ್ತದೆ ಎಂಬುದೂ ಮುಖ್ಯ. ಫ್ರೆಟ್‌ನ ಲೋಹದ ಪಟ್ಟಿಗೆ ತೀರಾ ಹತ್ತಿರ, ಆದರೆ ಅದರ ಹಿಂಬದಿಯಲ್ಲಿ (ಗಿಟಾರಿನ ತಲೆಯ ಕಡೆ) ಒತ್ತಬೇಕು. ಎರಡು ಪಟ್ಟಿಗಳ ನಟ್ಟನಡುವೆ ಒತ್ತಿದರೆ ಹೆಚ್ಚು ಬಲ ಬೇಕು. ಹೆಬ್ಬೆರಳು ನೆಕ್‌ನ (ಗಿಟಾರಿನ ಕತ್ತಿನ) ಹಿಂದೆ, ಸುಮಾರು ನಡುಬೆರಳಿನ ಎದುರಿಗೆ ಇರಲಿ. ಮಣಿಕಟ್ಟು ಒಳಕ್ಕೆ ಮಡಿಚಿಕೊಳ್ಳದಿರಲಿ. ಕುಳಿತಾಗಲೂ ಗಿಟಾರಿನ ಹೆಗಲ ಪಟ್ಟಿ ಹಾಕಿಕೊಳ್ಳಿ. ಎಡಗೈಯನ್ನು ಪೂರ್ತಿ ತೆಗೆದರೂ ಗಿಟಾರ್ ಅಲುಗದೆ ನಿಲ್ಲಬೇಕು. ನಿಲ್ಲದಿದ್ದರೆ ನಿಮ್ಮ ಕೈ ಗಿಟಾರನ್ನು ಹೊರುವ ಕೆಲಸವನ್ನೂ ಮಾಡುತ್ತಿದೆ ಎಂದೇ ಅರ್ಥ.

ಇನ್ನು ಎಫ್. ಒಂದನೆಯ ಫ್ರೆಟ್‌ನಲ್ಲಿ ಅಡ್ಡಲಾಗಿ ಮಲಗಿಸಿದ ತೋರುಬೆರಳು ಆರೂ ತಂತಿಗಳನ್ನು ಸಮನಾಗಿ ಒತ್ತಬೇಕಿಲ್ಲ. ಅದು ನುಡಿಸಬೇಕಾದದ್ದು ಒಂದು, ಎರಡು ಮತ್ತು ಆರನೆಯ ತಂತಿ ಮಾತ್ರ. ಉಳಿದ ಮೂರನ್ನು ಬೇರೆ ಬೆರಳುಗಳು ಒತ್ತಿರುತ್ತವೆ. ಬೆರಳಿನ ಗೆಣ್ಣಿನ ಸಂದಿನಲ್ಲಿ ತಂತಿ ಸಿಕ್ಕಿಕೊಂಡರೆ ಎಷ್ಟು ಒತ್ತಿದರೂ ಪ್ರಯೋಜನವಿಲ್ಲ. ತೋರುಬೆರಳನ್ನು ತುಸು ಹೊರಳಿಸಿ, ಹೆಬ್ಬೆರಳ ಕಡೆಯ ಗಟ್ಟಿ ಮಗ್ಗುಲಿನಿಂದ ಒತ್ತಿ.

ಗೋಣಿಕೊಪ್ಪದಿಂದ:
ಮೇಲಿನವರು ಹೇಳಿದ್ದೆಲ್ಲ ಸರಿ. ಆದರೆ ತಪ್ಪು ಗಿಟಾರಿನದೂ ಇರಬಹುದು. ಎಫ್‌ನ ಅದೇ ಆಕಾರವನ್ನು ಐದನೆಯ ಫ್ರೆಟ್‌ನಲ್ಲಿ ಹಿಡಿದು ನೋಡಿ, ಅಲ್ಲಿ ಅದು ಎ ಕಾರ್ಡ್ ಆಗುತ್ತದೆ. ಅಲ್ಲಿ ಚೆನ್ನಾಗಿ ಬಂದು ಒಂದನೆಯ ಫ್ರೆಟ್‌ನಲ್ಲಿ ಮಾತ್ರ ಜೀವ ಹೋಗುವಷ್ಟು ಕಷ್ಟವಾದರೆ, ನಟ್ (ಗಿಟಾರಿನ ತಲೆಯ ಬಳಿ ತಂತಿಗಳು ಕೂರುವ ಗೀರುಗಳಿರುವ ಸಣ್ಣ ತುಂಡು) ಎತ್ತರವಾಗಿರುವ ಸಾಧ್ಯತೆ ಹೆಚ್ಚು. ಅಗ್ಗದ ಗಿಟಾರ್‌ಗಳಲ್ಲಿ ಇದು ಸಾಮಾನ್ಯ. ಹನ್ನೆರಡನೆಯ ಫ್ರೆಟ್ ಮೇಲೆ ತಂತಿ ಎಷ್ಟು ಎತ್ತರದಲ್ಲಿದೆ ಎಂದೂ ಅಳೆಯಿರಿ. 2ರಿಂದ 3 ಮಿಲಿಮೀಟರ್ ಇದ್ದರೆ ಸರಿ, 4 ಇದ್ದರೆ ಕಲಿಯುವವರಿಗೆ ಶಿಕ್ಷೆ.

ನಮ್ಮ ಮಳೆಗಾಲವನ್ನೂ ಮರೆಯಬೇಡಿ. ಮರ ತೇವ ಹೀರಿ ಉಬ್ಬಿದರೆ ತಂತಿ ಇನ್ನಷ್ಟು ಮೇಲೇಳುತ್ತದೆ. ಗಿಟಾರಿಗೆ ಹಿತವಾದ ತೇವಾಂಶ ಸುಮಾರು ಶೇ 45ರಿಂದ 55, ಜುಲೈಯಲ್ಲಿ ನಮ್ಮ ಮನೆಗಳಲ್ಲಿ ಅದು ಕನಸಿನ ಮಾತು. ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಇಡಿ, ನುಡಿಸಿದ ಮೇಲೆ ತಂತಿಗಳನ್ನು ಒಣ ಬಟ್ಟೆಯಲ್ಲಿ ಒರೆಸಿ. ಬಟ್ಟೆ ಒಣಗಿಸುವ ಬೆಂಕಿಯ ಹತ್ತಿರ ಮಾತ್ರ ಗಿಟಾರ್ ಇಡಲೇಬೇಡಿ, ಅಂಟು ಬಿಡುತ್ತದೆ, ಮರ ಸೀಳುತ್ತದೆ.

ನಾಪೋಕ್ಲು:
ಈಗಷ್ಟೇ ನೋಡಿದೆ. ಐದನೆಯ ಫ್ರೆಟ್‌ನಲ್ಲಿ ಆರೂ ತಂತಿ ಕೇಳುತ್ತಿವೆ! ಒಂದನೆಯದರಲ್ಲಿ ಇಲ್ಲ.

ಗೋಣಿಕೊಪ್ಪ:
ಹಾಗಿದ್ದರೆ ಮೈಸೂರಿಗೆ ಹೋದಾಗ ಗಿಟಾರ್ ರಿಪೇರಿ ತಿಳಿದವರಿಗೆ ತೋರಿಸಿ ನಟ್ ಅರೆಸಿ, ತಂತಿಯನ್ನೂ ತೆಳುವಾದ 0.010ರ ಸೆಟ್‌ಗೆ (ಒಂದನೆಯ ತಂತಿ 0.010 ಇಂಚು ದಪ್ಪ) ಬದಲಿಸಿ. ಅಲ್ಲಿಯವರೆಗೆ ಎರಡನೆಯ ಫ್ರೆಟ್‌ಗೆ ಕೇಪೋ (ತಂತಿಗಳನ್ನೆಲ್ಲ ಒಟ್ಟಿಗೆ ಒತ್ತಿ ಹಿಡಿಯುವ ಕ್ಲಿಪ್) ಹಾಕಿ ಅಭ್ಯಾಸ ಮಾಡಿ.

ಸೋಮವಾರಪೇಟೆಯಿಂದ, ನಲವತ್ತು ದಾಟಿದ ಮೇಲೆ ಕಲಿತವರು:
ತಮ್ಮಾ, ಬೆರಳ ತುದಿಯ ಉರಿಗೆ ಹೆದರಬೇಡ. ಚರ್ಮ ಗಟ್ಟಿಯಾದ ಹಾಗೆ ಅದು ಹೋಗುತ್ತದೆ. ಮಣಿಕಟ್ಟಿನ ನೋವು, ಬೆರಳು ಜುಮ್ಮೆನ್ನುವುದು ಹಾಗಲ್ಲ. ಅದು ಶುರುವಾದರೆ ಅಲ್ಲೇ ನಿಲ್ಲಿಸು. ದಿನಗಟ್ಟಲೆ ಉಳಿದರೆ ವೈದ್ಯರಿಗೆ ತೋರಿಸು. ಕಳೆ ಕತ್ತರಿಸುವ ಯಂತ್ರ ಹಿಡಿದ ದಿನ ಸಂಜೆ ನಾನು ಗಿಟಾರ್ ಮುಟ್ಟುವುದಿಲ್ಲ, ಅದರ ನಡುಕ ಕೈಯಲ್ಲಿ ಉಳಿದಿರುತ್ತದೆ. ಬೇರೆ ದಿನಗಳಲ್ಲಿ ಹತ್ತು ನಿಮಿಷ ನುಡಿಸಿ, ಎದ್ದು ಓಡಾಡಿ, ಮತ್ತೆ ಹತ್ತು ನಿಮಿಷ. ನಾಲ್ಕು ತಂತಿಯ ಚಿಕ್ಕ ಎಫ್ ಒಂದಿದೆ, ತೋರುಬೆರಳು ಮೊದಲ ಎರಡು ತಂತಿಗಳನ್ನಷ್ಟೇ ಒತ್ತಿದರೆ ಸಾಕು. ಹಾಡಿಗೆ ಅದು ಧಾರಾಳ.

ವಿರಾಜಪೇಟೆಯಿಂದ:
ಹೆಬ್ಬೆರಳು ಹಿಂದೆಯೇ ಇರಬೇಕೆಂದು ಕಟ್ಟುನಿಟ್ಟು ಮಾಡುವುದನ್ನು ನಾನು ಒಪ್ಪುವುದಿಲ್ಲ. ಅಮೆರಿಕದ ಹೆಸರಾಂತ ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ ಹೆಬ್ಬೆರಳನ್ನು ನೆಕ್‌ನ ಮೇಲಿಂದ ತಂದು ಆರನೆಯ ತಂತಿಯನ್ನು ಒತ್ತುತ್ತಿದ್ದರು. ಅಗಲವಾದ ಕೈ ಇದ್ದವರು ಮುಂದೆ ಅದನ್ನೂ ಪ್ರಯತ್ನಿಸಬಹುದು. ಮೊದಲು ಮಡಿಕೇರಿಯವರು ಹೇಳಿದ ಹಾಗೆ ಕಲಿಯಿರಿ.

ಬಲಗೈಯ ಬಗ್ಗೆ ಯಾರೂ ಹೇಳಲಿಲ್ಲ. ಪಿಕ್ಕನ್ನು (ತಂತಿ ಮೀಟುವ ಚಿಕ್ಕ ಬಿಲ್ಲೆಯನ್ನು) ಹೆಬ್ಬೆರಳು ಮತ್ತು ತೋರುಬೆರಳಿನ ಮಗ್ಗುಲಿನ ನಡುವೆ, ತುದಿ ಸ್ವಲ್ಪವೇ ಹೊರಗಿರುವಂತೆ ಹಿಡಿಯಿರಿ. ಬಲಗೈ ಬಿಗಿಯಾದರೆ ಎಡಗೈಯೂ ಬಿಗಿಯುತ್ತದೆ. ತಾಳ ಕೊಡುವ ಮೆಟ್ರೊನೊಮ್ ಅನ್ನು ನಿಮಿಷಕ್ಕೆ 60 ಬಡಿತಕ್ಕೆ ಇಟ್ಟು, ಎಡಗೈಯಿಂದ ತಂತಿಗಳನ್ನು ಮೆಲ್ಲಗೆ ಮುಚ್ಚಿ, ಬರೀ ಮೇಲೆ ಕೆಳಗೆ ಬಾರಿಸಿ. ಮಣಿಕಟ್ಟು ಸಡಿಲವಾಗಿ ತಿರುಗುವುದು ಬಂದ ಮೇಲೆ ಕಾರ್ಡ್ ಸೇರಿಸಿ.