ಸಿಲೆಬಲ್ಲಿಗೆ ‘ಅಕ್ಷರ’ ಎಂದರೆ ಸಾಕೇ? ‘ಕಲಬುರಗಿ’ಯಲ್ಲಿ ಅವು ಎಷ್ಟು?

ಎಲ್ಲರಿಗೂ ಶರಣು.

ನಾನು ಕಲಬುರಗಿಯಲ್ಲಿ ಪ್ರಾಥಮಿಕ ಶಾಲೆಯ ಮಕ್ಕಳಿಗೆ ಕನ್ನಡ ಕಲಿಸುತ್ತೇನೆ. ಈಗಷ್ಟೇ ಓದಲು ತೊಡಗಿದವರಿಗಾಗಿ ಪದಗಳ ಕಾರ್ಡು ಮಾಡುತ್ತಿದ್ದೇನೆ. ಮೊದಲು ಎರಡಕ್ಷರದ ಪದಗಳು, ಆಮೇಲೆ ಮೂರಕ್ಷರದವು, ನಾಲ್ಕಕ್ಷರದವು. ಸಾವಿರಾರು ಪದಗಳನ್ನು ಕೈಯಿಂದ ವಿಂಗಡಿಸುವುದು ಆಗದ ಮಾತೆಂದು ಪೈಥಾನ್‌ನಲ್ಲಿ ಚಿಕ್ಕದೊಂದು ಪ್ರೋಗ್ರಾಂ ಬರೆದೆ. ಪ್ರಶ್ನೆ ಹುಟ್ಟಿದ್ದು ಅಲ್ಲಿಂದಲೇ.

‘ಕನ್ನಡ’ ಪದದ ಉದ್ದವೆಷ್ಟೆಂದು ಕೇಳಿದರೆ ಕಂಪ್ಯೂಟರ್ 5 ಎಂದಿತು. ಕಂಪ್ಯೂಟರ್ ಬರಹಕ್ಕೆ ಸಂಕೇತಗಳನ್ನು ಗೊತ್ತುಮಾಡುವ ಯೂನಿಕೋಡ್ ಪ್ರಕಾರ ಅಲ್ಲಿರುವುದು ಕ, ನ, ಹಲಂತದ ಗುರುತು (ವ್ಯಂಜನಕ್ಕೆ ಸ್ವರವಿಲ್ಲವೆಂದು ತೋರಿಸುವ ಚಿಹ್ನೆ), ಇನ್ನೊಂದು ನ, ಡ. ಕಣ್ಣಿಗೆ ಕಾಣುವ ಗುಚ್ಛಗಳನ್ನು ಬಿಡಿಸಿಕೊಡುವ ಇನ್ನೊಂದು ಸಾಧನಕ್ಕೆ ಕೊಟ್ಟೆ. ಅದು ಒತ್ತಕ್ಷರವನ್ನು ಒಡೆದು ಕ, ನ್, ನ, ಡ ಎಂದು 4 ಮಾಡಿತು. ಮೂರು ಎಂಬುದು ಒಂದನೇ ತರಗತಿಯ ಮಗುವಿಗೂ ಗೊತ್ತು.

ಕೊನೆಗೆ ಹಿಡಿದ ದಾರಿ ಸರಳವಾದದ್ದು. ಸಿಲೆಬಲ್ ಎಂದರೆ ಮಾತಿನಲ್ಲಿ ಒಂದೇ ಪೆಟ್ಟಿಗೆ ಹೇಳುವ ಧ್ವನಿಗಳ ಗುಂಪು; ಒಂದು ಸಿಲೆಬಲ್ಲಿಗೆ ಒಂದೇ ಸ್ವರ. ವ್ಯಂಜನಗಳನ್ನೆಲ್ಲ ಎಣಿಸಿ, ಹಲಂತದ ಗುರುತುಗಳು ಎಷ್ಟಿವೆಯೋ ಅಷ್ಟನ್ನು ಕಳೆದು, ಬಿಡಿ ಸ್ವರಗಳಿದ್ದರೆ ಕೂಡಿಸಿದರೆ ಮುಗಿಯಿತು. ಅನುಸ್ವಾರ, ವಿಸರ್ಗಗಳಿಗೆ ಲೆಕ್ಕದಲ್ಲಿ ಜಾಗವಿಲ್ಲ. ಸ್ವರಚಿಹ್ನೆಗಳನ್ನು ಎಣಿಸಲು ಮಾತ್ರ ಹೋಗಬೇಡಿ: ‘ಹೋ’ ಎಂಬುದರ ಓತ್ವ ಒಂದೇ ಸಂಕೇತವಾಗಿಯೂ ಇರಬಹುದು, ಮೂರು ತುಂಡಾಗಿಯೂ ಇರಬಹುದು, ಪರದೆಯ ಮೇಲೆ ಎರಡಕ್ಕೂ ವ್ಯತ್ಯಾಸ ಕಾಣುವುದಿಲ್ಲ.

ಈ ಲೆಕ್ಕದಲ್ಲಿ ‘ಬೀದರ್’ ಎರಡು: ಬೀ, ದರ್. ‘ಬಸ್’ ಒಂದೇ. ನಮ್ಮ ತರಗತಿಗಳಲ್ಲಿ ‘ಬಸ್’ ಎರಡಕ್ಷರದ ಪದ, ‘ಬೀದರ್’ ಮೂರಕ್ಷರದ ಪದ. ಹಾಗಾದರೆ ಪ್ರೋಗ್ರಾಂ ಎಣಿಸುತ್ತಿರುವುದನ್ನು ‘ಅಕ್ಷರ’ ಎನ್ನಬಹುದೇ?

ಛಂದಸ್ಸು ಧಾರಾಳವಾಗಿ ಎನ್ನಬಹುದು ಎನ್ನುತ್ತದೆ. ಉತ್ಪಲಮಾಲೆಯ ಪಾದಕ್ಕೆ 20 ಅಕ್ಷರ, ಚಂಪಕಮಾಲೆಗೆ 21 ಎಂದಾಗ ಎಣಿಸುವುದು ಇದನ್ನೇ. ಪದದ ಕೊನೆಯ ಹಲಂತ ಹಿಂದಿನ ಅಕ್ಷರಕ್ಕೆ ಸೇರಿ ಅದನ್ನು ಗುರು (ಎರಡು ಮಾತ್ರೆಯದು) ಮಾಡುತ್ತದೆ, ಬೇರೆಯಾಗಿ ನಿಲ್ಲುವುದಿಲ್ಲ. ದೂರ ಹೋಗಬೇಕಾಗಿಲ್ಲ, ನಮ್ಮ ಸೇಡಂ ತಾಲ್ಲೂಕಿನ ಮಳಖೇಡವೇ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟ. ಅಲ್ಲಿಯ ಆಸ್ಥಾನದಲ್ಲಿ ಒಂಬತ್ತನೆಯ ಶತಮಾನದಲ್ಲಿ ಹುಟ್ಟಿದ ಕವಿರಾಜಮಾರ್ಗದ ‘ಕಾವೇರಿಯಿಂದಮಾ ಗೋದಾವರಿವರಮಿರ್ದ’ ಕಂದಪದ್ಯದ ಎರಡನೆಯ ಪಾದ ‘ಕನ್ನಡದೊಳ್’ ಎಂದು ಮುಗಿಯುತ್ತದೆ. ಕೊನೆಯ ಗಣ (ನಾಲ್ಕು ಮಾತ್ರೆಯ ಗುಂಪು) ‘ನ್ನಡದೊಳ್’: ನ್ನ ಒಂದು ಮಾತ್ರೆ, ಡ ಒಂದು, ದೊಳ್ ಎರಡು. ಪಾದಕ್ಕೆ ಬೇಕಾದ 20 ಮಾತ್ರೆ ಸರಿಯಾಗಿ ತುಂಬುತ್ತದೆ. ‘ಳ್’ ಅನ್ನು ಕಿತ್ತು ಬೇರೆ ಇಟ್ಟರೆ ‘ದೊ’ ಒಂದೇ ಮಾತ್ರೆಯ ಲಘುವಾಗಿ ಗಣವೇ ಕುಸಿಯುತ್ತದೆ. ಇಷ್ಟು ಹಳೆಯ, ಇಷ್ಟು ಖಚಿತವಾದ ಅರ್ಥವಿರುವ ಪದವನ್ನು ಬಿಟ್ಟು ಹೊಸದನ್ನು ಟಂಕಿಸಲು ನನಗೆ ಮನಸ್ಸಿಲ್ಲ.

ತೊಡಕೆಂದರೆ ‘ಅಕ್ಷರ’ಕ್ಕೆ ಈಗ ಮೈತುಂಬ ಕೆಲಸ. ವರ್ಣಮಾಲೆಯ 49 ಕೂಡ ಅಕ್ಷರಗಳೇ. ಮೊಬೈಲ್ ಸಂದೇಶವೊಂದರಲ್ಲಿ ಕನ್ನಡದ 70 ಅಕ್ಷರ ಹಿಡಿಸುತ್ತವೆ ಎನ್ನುವಾಗ ಎಣಿಕೆ ಯೂನಿಕೋಡ್ ಸಂಕೇತಗಳದ್ದು; ಅಲ್ಲಿ ‘ಕನ್ನಡ’ಕ್ಕೇ ಐದು ಹೋಗುತ್ತವೆ. ‘ಅಕ್ಷರ ಎಣಿಸು’ ಎಂಬ ಬಟನ್ ಇಟ್ಟರೆ ಸಹೋದ್ಯೋಗಿಗಳು ಯಾವುದೆಂದು ತಿಳಿಯಬೇಕು? ‘ಉಚ್ಚಾರಾಂಶ’ ಎಂದರೆ ಗೊಂದಲವಿರುವುದಿಲ್ಲ, ಆದರೆ ಆ ಪದವನ್ನೇ ಮಕ್ಕಳಿಗೆ ಉಚ್ಚರಿಸಲು ಕಷ್ಟ.

ಇನ್ನೊಂದು ಸಂಗತಿ ನನ್ನನ್ನು ಹೆಚ್ಚು ಕಾಡುತ್ತಿದೆ. ನಮ್ಮ ಊರಿನ ಹೆಸರನ್ನು ಚಪ್ಪಾಳೆ ತಟ್ಟುತ್ತ ಹೇಳಲು ಎರಡನೆಯ ತರಗತಿಯ ಹುಡುಗಿಯೊಬ್ಬಳಿಗೆ ಹೇಳಿದೆ. ಅವಳು ತಟ್ಟಿದ್ದು ಮೂರೇ ಸಲ: ಕಲ್, ಬುರ್, ಗಿ. ಹಲಗೆಯ ಮೇಲೆ ‘ಕಲಬುರಗಿ’ ಎಂದು ಬರೆದು ಒಂದೊಂದರ ಕೆಳಗೂ ಬೆರಳಿಟ್ಟು ಓದಿಸಿದೆ. ಆಗ ಐದು ಸಲ ತಟ್ಟಿದಳು. ನಂತರ ನನ್ನ ಮುಖ ನೋಡಿ, ‘ಯಾವುದು ಸರಿ ಸರ್?’ ಎಂದಳು. 2014ರ ನವೆಂಬರ್ 1ರಂದು ಸರ್ಕಾರಿ ದಾಖಲೆಗಳಲ್ಲಿ ಗುಲಬರ್ಗಾ ಹೋಗಿ ಕಲಬುರಗಿ ಬಂತು, ಬರಹದಲ್ಲಿ ನಾಲ್ಕು ಐದಾಯಿತು. ಊರಿನ ಬಾಯಲ್ಲಿ ಮಾತ್ರ ಮೂರೇ. ಎರಡೂ ಸರಿ ಎಂದು ಅವಳಿಗೆ ಹೇಳಿದೆ, ಹಾಗೆಯೇ ನಂಬುತ್ತೇನೆ ಕೂಡ. ಆದರೆ ಪ್ರೋಗ್ರಾಂ ಒಂದೇ ಸಂಖ್ಯೆ ಕೊಡಬೇಕು.

ಸದ್ಯಕ್ಕೆ ಬರಹವನ್ನೇ ನಂಬಿ ಐದೆಂದು ಇಟ್ಟಿದ್ದೇನೆ. ಛಂದಸ್ಸು ಬಲ್ಲವರು, ಮಕ್ಕಳಿಗೆ ಓದು ಕಲಿಸುವವರು ದಯವಿಟ್ಟು ತಿಳಿಸಿ: ಬರಹದ ಎಣಿಕೆಗೂ ಬಾಯಿಯ ಎಣಿಕೆಗೂ ಬೇರೆ ಬೇರೆ ಹೆಸರು ನಿಮ್ಮಲ್ಲಿ ಬಳಕೆಯಲ್ಲಿದೆಯೇ? ‘ಬೀದರ್’ ಅನ್ನು ನಿಮ್ಮ ತರಗತಿಯಲ್ಲಿ ಎಷ್ಟಕ್ಷರದ ಪದವೆಂದು ಹೇಳಿಕೊಡುತ್ತೀರಿ?