‘ವಿಲ್ಲೀಸ್ ವಂಡರ್‌ಲ್ಯಾಂಡ್’ ನೋಡಬಹುದಾ?

ರಾತ್ರಿಗೂಬೆ: 2021ರ ಈ ಸಿನಿಮಾ ಯಾರಾದ್ರೂ ನೋಡಿದ್ದೀರಾ? ಮಕ್ಕಳ ಪಾರ್ಟಿ ಮಾಡೋ ಜಾಗ, ಅಲ್ಲಿ ಹಾಡಿ ಕುಣಿಯುವ ಯಂತ್ರದ ಗೊಂಬೆಗಳು ರಾತ್ರಿ ಜನರನ್ನು ಕೊಲ್ಲುತ್ತವಂತೆ. ಹೆದರಿಕೆ ಆಗುತ್ತಾ, ಇಲ್ಲ ಸುಮ್ನೆ ತಮಾಷೆನಾ?

ಮೂಲೆಸೀಟು: ನಗೋಕೆ ಅಂತಲೇ ನೋಡಿ. ನಿಕೋಲಸ್ ಕೇಜ್ ಇಡೀ ಸಿನಿಮಾದಲ್ಲಿ ಒಂದು ಮಾತೂ ಆಡುವುದಿಲ್ಲ. ಕಾರು ಕೆಟ್ಟಿರುತ್ತೆ, ರಿಪೇರಿ ದುಡ್ಡಿನ ಬದಲು ಆ ಪಾಳುಬಿದ್ದ ಜಾಗವನ್ನು ರಾತ್ರಿಯೆಲ್ಲ ಕ್ಲೀನ್ ಮಾಡಬೇಕು. ಗೊಂಬೆ ಮೇಲೆ ಬಿದ್ದರೆ ಬಡಿದು ಹಾಕಿ, ಕೊಳೆಯಾದ ಟೀ ಶರ್ಟ್ ಬದಲಾಯಿಸಿ, ಮತ್ತೆ ಒರೆಸೋಕೆ ಶುರು! ವಾಚಿನ ಅಲಾರಂ ಹೊಡೆದರೆ ಸಾಕು, ಜೊತೆಗಿರೋ ಹುಡುಗಿ ಅಪಾಯದಲ್ಲಿದ್ದರೂ ಬಿಟ್ಟು ಸೋಡಾ ಕುಡಿಯುತ್ತಾ ಪಿನ್‌ಬಾಲ್ ಆಡೋಕೆ ಹೋಗುತ್ತಾರೆ.

ಹಳೇಟೇಪು: ಅಷ್ಟೇನೂ ಇಲ್ಲ ಬಿಡಿ. ಹುಡುಗರ ಗುಂಪು ಬಂದ ಮೇಲೆ ಬೋರು. ಗೊಂಬೆಯೊಳಗೆ ಮನುಷ್ಯ ಇದ್ದಾನೆ ಅಂತ ನಡಿಗೆಯಲ್ಲೇ ಗೊತ್ತಾಗುತ್ತೆ.

ಮೂಲೆಸೀಟು: ಅದೇ ಮಜಾ ಅಲ್ವಾ?

ಚಿತ್ರಹುಚ್ಚ: ರಕ್ತ ಜಾಸ್ತಿ ಬೇಕಂದ್ರೆ 2019ರ ‘ದಿ ಬನಾನಾ ಸ್ಪ್ಲಿಟ್ಸ್ ಮೂವಿ’ ನೋಡಿ. 1968ರಲ್ಲಿ ಶುರುವಾದ ಮಕ್ಕಳ ಟಿವಿ ಕಾರ್ಯಕ್ರಮದ ಮುದ್ದು ಪಾತ್ರಗಳನ್ನೇ ಕೊಲೆಗಡುಕರನ್ನಾಗಿ ಮಾಡಿದ್ದಾರೆ. ಮಕ್ಕಳ ಜೊತೆ ಮಾತ್ರ ಬೇಡ.

ರಾತ್ರಿಗೂಬೆ: ಸರಿ, ಮೊದಲು ಕೇಜ್.